ಆಂಬುಲೆನ್ಸ್ ಬರುವ ಮುನ್ನ, ಬಂದ ಮೇಲೆ

ರಮಝಾನಿನ ಒಂದು ಸಂಜೆ. ಚಾಮರಾಜಪೇಟೆಯಲ್ಲಿ ನಮ್ಮ ಮನೆಯಿಂದ ನಾಲ್ಕು ಮನೆ ಆಚೆ, ಇಫ್ತಾರ್ ಮುಗಿಸಿ ಎದ್ದ ಅರವತ್ತರ ಹಿರಿಯರೊಬ್ಬರು ಎದೆ ಹಿಡಿದುಕೊಂಡು ಕುಳಿತುಬಿಟ್ಟರು. ಮೈಯೆಲ್ಲ ಬೆವರು, ಎಡಗೈಯಲ್ಲಿ ಸೆಳೆತ. ಮಗ ಕೂಡಲೇ 108ಕ್ಕೆ ಕರೆ ಮಾಡಿದ. ಅಲ್ಲಿಯವರೆಗೆ ಎಲ್ಲವೂ ಸರಿಯೇ. ಆದರೆ ಫೋನಿನಲ್ಲಿ ಅವನು ಹೇಳಿದ್ದು ಇಷ್ಟು: “ಐದನೇ ಮೇನ್, ಮೂರನೇ ಕ್ರಾಸ್, ಅಪ್ಪನಿಗೆ ಹಾರ್ಟ್ ಅಟ್ಯಾಕ್, ಬೇಗ ಬನ್ನಿ!” ಹೇಳಿ ಫೋನ್ ಇಟ್ಟುಬಿಟ್ಟ. ಯಾವ ಬಡಾವಣೆಯ ಐದನೇ ಮೇನ್ ಎಂದು ಕೇಳಲು ಅವರು ಮರಳಿ ಕರೆ ಮಾಡಿದಾಗ ಅವನ ಫೋನ್ ಬಿಜಿ. ಅಣ್ಣನಿಗೆ, ಮಾವನಿಗೆ, ಪರಿಚಯದ ಡಾಕ್ಟರಿಗೆ ಒಂದರ ಹಿಂದೊಂದು ಕರೆ ಮಾಡುತ್ತಿದ್ದ. ವಿಳಾಸ ಸ್ಪಷ್ಟವಾಗುವಷ್ಟರಲ್ಲಿ ಹನ್ನೊಂದು ನಿಮಿಷ ಕಳೆದಿತ್ತು.

ಆಂಬುಲೆನ್ಸ್ ಬಂತು. ಗಲ್ಲಿಯ ಬಾಯಿಯಲ್ಲಿ ಎರಡು ಸ್ಕೂಟರ್, ಒಂದು ಸಮೋಸಾ ಗಾಡಿ. ಸ್ಟ್ರೆಚರ್ ಒಳಗೆ ಬರಲಿಲ್ಲ. ಮನೆ ಎರಡನೇ ಮಹಡಿ. ಮೆಟ್ಟಿಲ ಮೇಲೆ ಇಪ್ಪತ್ತು ಜನ. ಎಲ್ಲರೂ ಸಹಾಯಕ್ಕೆಂದೇ ಬಂದವರು. ಅವರಲ್ಲಿ ನಾನೂ ಒಬ್ಬ. ಬಂದ ಹುಡುಗ ಕೈಗವಸು ಹಾಕಿಕೊಳ್ಳುತ್ತ ಮೆಲ್ಲನೆ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: “ಸಾರ್, ರಸ್ತೆಯಲ್ಲಿ ನಮಗೆ ಎಂಟೇ ನಿಮಿಷ ಹಿಡಿಯಿತು. ಉಳಿದದ್ದೆಲ್ಲ ಇಲ್ಲಿ ಹೋಯಿತು.”

ಆಂಬುಲೆನ್ಸ್ ತಡವಾಯಿತು ಎಂದು ನಾವು ಸಾಮಾನ್ಯವಾಗಿ ಟ್ರಾಫಿಕ್ಕನ್ನೋ ಸರಕಾರವನ್ನೋ ಬೈಯುತ್ತೇವೆ. ಬೈಯುವುದರಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ನಮ್ಮ ಫೋನಿನಲ್ಲಿ, ನಮ್ಮ ಗಲ್ಲಿಯಲ್ಲಿ, ನಮ್ಮ ಮೆಟ್ಟಿಲಿನಲ್ಲಿದೆ. ಆ ಸಂಜೆಯ ಬಳಿಕ ನಾನು ಆಂಬುಲೆನ್ಸ್ ಸಿಬ್ಬಂದಿ ಹಲವರೊಡನೆ ಮಾತಾಡಿದೆ. ಅವರ ಚಿಂತೆಗಳು ಏನು, ಯಾವುದಕ್ಕೆ ಅವರು ಮೊದಲ ಸ್ಥಾನ ಕೊಡುತ್ತಾರೆ ಎಂಬುದು ನಮಗೆ ಗೊತ್ತಿದ್ದರೆ ನಮ್ಮ ಮನೆಯವರ ಪ್ರಾಣಕ್ಕೇ ಒಳ್ಳೆಯದು.

ವಾಹನದೊಳಗೆ ಯಾರಿದ್ದಾರೆ?

ಬೆಂಗಳೂರಿನಲ್ಲಿ ಒಂದು ಕಾಲಕ್ಕೆ ಆಂಬುಲೆನ್ಸ್ ಎಂದರೆ ಮಲಗಿಸಿಕೊಂಡು ಹೋಗುವ ವ್ಯಾನ್, ಅಷ್ಟೇ. ಒಬ್ಬ ಡ್ರೈವರ್, ಹಿಂದೆ ಅಳುವ ಮನೆಯವರು. ಚಿಕಿತ್ಸೆ ಆಸ್ಪತ್ರೆ ಬಾಗಿಲಲ್ಲಿ ಶುರುವಾಗುತ್ತಿತ್ತು. ಕರ್ನಾಟಕದಲ್ಲಿ ‘ಆರೋಗ್ಯ ಕವಚ 108’ ಆರಂಭವಾದದ್ದು 2008ರ ನವೆಂಬರ್ 1ರಂದು. ಅದಕ್ಕೂ ಮೂರು ವರ್ಷ ಮೊದಲು, 2005ರಲ್ಲಿ, ಹೈದರಾಬಾದಿನಲ್ಲಿ ಇದೇ ಸಂಖ್ಯೆಯ ಸೇವೆ ಶುರುವಾಗಿತ್ತು. ಕೆಲವೇ ವರ್ಷಗಳಲ್ಲಿ ನಮ್ಮ ರಾಜ್ಯದ ವಾಹನಗಳ ಸಂಖ್ಯೆ 711ಕ್ಕೆ ಏರಿತು. ಕರೆಗೂ ಸಾಗಾಟಕ್ಕೂ ಹಣವಿಲ್ಲ. ಈಗ 112ಕ್ಕೆ ಕರೆ ಮಾಡಿದರೂ ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮೂರರ ನೆರವೂ ಸಿಗುತ್ತದೆ.

108ರ ವಾಹನದಲ್ಲಿ ಇಬ್ಬರಿರುತ್ತಾರೆ. ಓಡಿಸುವವರನ್ನು ‘ಪೈಲಟ್’ ಎನ್ನುತ್ತಾರೆ. ಹಿಂದೆ ರೋಗಿಯ ಬಳಿ ಕೂರುವವರು ತುರ್ತು ವೈದ್ಯಕೀಯ ತಂತ್ರಜ್ಞರು, ಅಂದರೆ ಇಎಂಟಿ. ಇವರಲ್ಲಿ ಬಹಳ ಮಂದಿ ನರ್ಸಿಂಗ್ ಓದಿದವರು. ಆಮ್ಲಜನಕ ಕೊಡುವುದು, ರಕ್ತಸ್ರಾವ ನಿಲ್ಲಿಸುವುದು, ಮುರಿದ ಮೂಳೆಗೆ ಪಟ್ಟಿ ಕಟ್ಟುವುದು, ಸಕ್ಕರೆ ಅಂಶ ನೋಡುವುದು, ಅಗತ್ಯ ಬಿದ್ದರೆ ವಾಹನದಲ್ಲೇ ಹೆರಿಗೆ ಮಾಡಿಸುವುದು ಇವರ ಕೆಲಸ. ಸಂದೇಹ ಬಂದರೆ ಕರೆ ಕೇಂದ್ರದಲ್ಲಿರುವ ವೈದ್ಯರನ್ನು ಫೋನಿನಲ್ಲಿ ಕೇಳುತ್ತಾರೆ. ಅವರು ಡಾಕ್ಟರಲ್ಲ, ನಿಜ. ಆದರೆ ಬರೀ ಡ್ರೈವರೂ ಅಲ್ಲ. ನಮ್ಮಲ್ಲಿ ಹಲವರು ಇಂದಿಗೂ ಅವರನ್ನು “ಏ ಡ್ರೈವರ್, ಬೇಗ ಎತ್ತಪ್ಪ” ಎಂದೇ ಕರೆಯುತ್ತೇವೆ. ಅವರ ಮೊದಲ ನೋವು ಇದು ಎಂದು ಬಹಳ ಜನ ಹೇಳಿದರು. ಸಂಬಳದ ಮಾತು ಅದರ ನಂತರ ಬಂತು.

ಸಂಬಳದ ಮಾತೂ ಸಣ್ಣದಲ್ಲ. ಹನ್ನೆರಡು ಗಂಟೆಯ ಪಾಳಿ, ಗುತ್ತಿಗೆಯ ಕೆಲಸ. ಬಾಕಿ ವೇತನಕ್ಕಾಗಿ ರಾಜ್ಯದ 108 ಸಿಬ್ಬಂದಿ ಮುಷ್ಕರದ ಎಚ್ಚರಿಕೆ ಕೊಟ್ಟದ್ದನ್ನು ಪತ್ರಿಕೆಗಳಲ್ಲಿ ಹಲವು ಸಲ ಓದಿದ್ದೇವೆ. 2022ರ ಸೆಪ್ಟೆಂಬರಿನಲ್ಲಿ ಕರೆ ಕೇಂದ್ರದ ತಾಂತ್ರಿಕ ದೋಷದಿಂದ ರಾಜ್ಯವಿಡೀ ಕರೆಗಳು ಅಸ್ತವ್ಯಸ್ತವಾದಾಗ ಜನರ ಸಿಟ್ಟನ್ನು ಎದುರಿಸಿದ್ದೂ ಈ ಹುಡುಗರೇ. ಹಿಂದಿನ ರಾತ್ರಿ ಮಗುವೊಂದು ಕೈಯಲ್ಲೇ ಹೋಗಿದ್ದರೂ ಮುಂದಿನ ಕರೆಗೆ ಮುಖ ತೊಳೆದುಕೊಂಡು ಹೊರಡಬೇಕು.

ವಿಳಾಸ ಹೇಳುವುದನ್ನು ಕಲಿಯೋಣ

ಹಳೇ ಬೆಂಗಳೂರಿನ ವಿಳಾಸಗಳು ಒಂದು ವಿಚಿತ್ರ. ಚಾಮರಾಜಪೇಟೆ ಹುಟ್ಟಿದ್ದು 1892ರಲ್ಲಿ. 1898ರಲ್ಲಿ ಪ್ಲೇಗ್ ಬಂದು ಪೇಟೆಯ ಕಿಕ್ಕಿರಿದ ಬೀದಿಗಳಲ್ಲಿ ಜನ ಸಾಯತೊಡಗಿದಾಗ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳಾಗಿ ರೂಪುಗೊಂಡವು. ನೇರ ರಸ್ತೆಗಳು, ಗಾಳಿ ಬೆಳಕು, ಮನೆಗಳ ಹಿಂದೆ ಕಸ ಸಾಗಿಸಲು ಓಣಿ. ಎಲ್ಲವೂ ಆರೋಗ್ಯದ ಲೆಕ್ಕದಲ್ಲೇ ಮಾಡಿದ್ದು. ಆದರೆ ರಸ್ತೆಗಳಿಗೆ ಹೆಸರಿನ ಬದಲು ಅಂಕಿ ಕೊಟ್ಟರು. ಹೀಗಾಗಿ ಒಂದನೇ ಮೇನ್, ಎರಡನೇ ಕ್ರಾಸ್ ಎಂಬುದು ಊರಲ್ಲೆಲ್ಲ ಇದೆ. ಗಾಬರಿಯಲ್ಲಿರುವ ಮನುಷ್ಯನಿಗೆ ಪ್ರಪಂಚದಲ್ಲಿ ತನ್ನದೊಂದೇ ಮೂರನೇ ಕ್ರಾಸ್.

ಅಲ್ಲಿಂದ ಮೈಸೂರು ರಸ್ತೆ ದಾಟಿ ಪಾದರಾಯನಪುರ, ಜೆ.ಜೆ. ನಗರ, ಗೋರಿಪಾಳ್ಯದ ಕಡೆ ಹೋದರೆ ಸಮಸ್ಯೆ ಇನ್ನೊಂದು ಬಗೆಯದು. ಮನೆಗೆ ಮನೆ ಅಂಟಿಕೊಂಡ ಗಲ್ಲಿ, ಒಂದೇ ನಂಬರಿನ ಮೂರು ಬಾಗಿಲು. ಇಂಥ ಗಲ್ಲಿಗಳನ್ನೂ ಟ್ರಾಫಿಕ್ಕನ್ನೂ ನೆನೆದೇ 2015ರಲ್ಲಿ ಸರಕಾರ 30 ಬೈಕ್ ಆಂಬುಲೆನ್ಸ್‌ಗಳನ್ನು ಬಿಟ್ಟಿತು. ಅವುಗಳಲ್ಲಿ ಬಹುಪಾಲು ಬೆಂಗಳೂರಿಗೇ ಬಂದವು. ಆದರೆ ಬೈಕಿನಲ್ಲಿ ಚಿಕಿತ್ಸೆ ಬರಬಹುದು, ರೋಗಿಯನ್ನು ಕರೆದೊಯ್ಯಲು ಆಗದು.

ಕರೆ ಮಾಡಿದಾಗ ಮೊದಲು ಬಡಾವಣೆಯ ಹೆಸರು ಹೇಳಿ. ಆಮೇಲೆ ಎಲ್ಲರಿಗೂ ಗೊತ್ತಿರುವ ಒಂದು ಗುರುತು: ಈದ್ಗಾ ಮೈದಾನದ ಹತ್ತಿರ, ಉಮಾ ಟಾಕೀಸ್ ಎದುರು, ಸಾಹಿತ್ಯ ಪರಿಷತ್ತಿನ ಹಿಂದೆ, ಸಿರ್ಸಿ ವೃತ್ತದಿಂದ ಒಳಗೆ. ‘ನಮ್ಮ ಮಸೀದಿ ಪಕ್ಕ’ ಎಂದರೆ ಸಾಲದು, ಮಸೀದಿಯ ಹೆಸರು ಬೇಕು. ಆನಂತರ ಮೇನ್, ಕ್ರಾಸ್, ಮನೆ ನಂಬರು, ಎಷ್ಟನೇ ಮಹಡಿ. ರೋಗಿಗೆ ಎಚ್ಚರವಿದೆಯೇ, ಉಸಿರಾಡುತ್ತಿದ್ದಾರೆಯೇ ಎಂಬ ಎರಡು ಪ್ರಶ್ನೆಗೆ ನೋಡಿ ಉತ್ತರಿಸಿ. ಯಾವ ವಾಹನ ಕಳುಹಿಸಬೇಕು ಎಂಬುದು ಅದರ ಮೇಲೆ ನಿಂತಿದೆ. ಅವರೇ ಇಡಲು ಹೇಳುವವರೆಗೆ ಫೋನ್ ಇಡಬೇಡಿ, ಆ ಫೋನನ್ನು ಬೇರೆ ಕರೆಗೆ ಬಳಸಬೇಡಿ. ಮಾವನಿಗೆ ಇನ್ನೊಂದು ಫೋನಿನಿಂದ ತಿಳಿಸಬಹುದು, ಅಥವಾ ಆಸ್ಪತ್ರೆ ಮುಟ್ಟಿದ ಮೇಲೆ ತಿಳಿಸಬಹುದು.

ಒಬ್ಬ ಹುಡುಗ ಮುಖ್ಯ ರಸ್ತೆಯ ತಿರುವಿನಲ್ಲಿ ನಿಲ್ಲಲಿ, ರಾತ್ರಿಯಾದರೆ ಮೊಬೈಲ್ ಟಾರ್ಚ್ ಹಿಡಿದು. ಇನ್ನಿಬ್ಬರು ಗಲ್ಲಿಯಲ್ಲಿ ನಿಂತಿರುವ ಗಾಡಿಗಳನ್ನು ಸರಿಸಲಿ. ಉಳಿದವರು ದಯವಿಟ್ಟು ಮನೆಗೆ ಹೋಗಲಿ. ನಾನೂ ಹೋಗಬೇಕಿತ್ತು.

ಯಾವ ಆಸ್ಪತ್ರೆ ಎಂಬ ಜಗಳ

ಇಎಂಟಿಗಳನ್ನು ಅತಿ ಹೆಚ್ಚು ಕಾಡುವ ಸಂಗತಿ ಇದು. ರೋಗಿ ವಾಹನದಲ್ಲಿ ಮಲಗಿದ್ದಾರೆ, ಹೊರಗೆ ನಾಲ್ಕು ಜನ ನಾಲ್ಕು ಆಸ್ಪತ್ರೆಯ ಹೆಸರು ಹೇಳುತ್ತಿದ್ದಾರೆ. ಒಬ್ಬರಿಗೆ ಹತ್ತಿರದ ನರ್ಸಿಂಗ್ ಹೋಂ ಬೇಕು, ಇನ್ನೊಬ್ಬರಿಗೆ ಭಾವನ ಗೆಳೆಯ ಕೆಲಸ ಮಾಡುವ ದೊಡ್ಡ ಆಸ್ಪತ್ರೆ. ಸರಕಾರಿ ಆಸ್ಪತ್ರೆ ಎಂದರೆ ಮೂಗು ಮುರಿಯುವವರು ಮೂರನೆಯವರು.

ಹತ್ತಿರದ ಆಸ್ಪತ್ರೆಯೇ ಯಾವಾಗಲೂ ಸರಿಯಾದ ಆಸ್ಪತ್ರೆಯಲ್ಲ. ಹೃದಯಾಘಾತವಾದವರಿಗೆ ಮುಚ್ಚಿದ ರಕ್ತನಾಳ ತೆರೆಯುವ ಸೌಲಭ್ಯ ಬೇಕು. ಪಾರ್ಶ್ವವಾಯು ಬಡಿದವರಿಗೆ ಸ್ಕ್ಯಾನಿಂಗ್ ಬೇಕು, ಏಕೆಂದರೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಕೊಡಲು ಲಕ್ಷಣ ಕಾಣಿಸಿದ ಕ್ಷಣದಿಂದ ಸುಮಾರು ನಾಲ್ಕೂವರೆ ಗಂಟೆ ಮಾತ್ರ ಅವಕಾಶ. ಅದೂ ಸ್ಕ್ಯಾನಿಂಗ್‌ನಲ್ಲಿ ರಕ್ತಸ್ರಾವ ಇಲ್ಲವೆಂದು ಖಚಿತವಾದ ಮೇಲೆಯೇ. ಸ್ಕ್ಯಾನಿಂಗ್ ಇಲ್ಲದ ಎರಡು ನರ್ಸಿಂಗ್ ಹೋಂಗಳ ಬಾಗಿಲು ತಟ್ಟಿ ಮೂರನೆಯದಕ್ಕೆ ಹೋಗುವಷ್ಟರಲ್ಲಿ ಆ ಗಂಟೆಗಳು ಮುಗಿದಿರುತ್ತವೆ. ಬಾಯಿ ಒಂದು ಕಡೆಗೆ ಸೊಟ್ಟಗಾಗುವುದು, ಎರಡೂ ಕೈ ಎತ್ತಲು ಹೇಳಿದಾಗ ಒಂದು ಕೈ ಜಾರುವುದು, ಮಾತು ತೊದಲುವುದು. ಈ ಮೂರರಲ್ಲಿ ಒಂದು ಕಂಡರೂ ‘ಸ್ವಲ್ಪ ಮಲಗಿದರೆ ಸರಿಹೋಗುತ್ತದೆ’ ಎನ್ನಬೇಡಿ. ಯಾವ ಹೊತ್ತಿಗೆ ಶುರುವಾಯಿತು ಎಂಬುದನ್ನು ಬರೆದಿಡಿ. ಇಎಂಟಿ ಕೇಳುವ ಮೊದಲ ಪ್ರಶ್ನೆ ಅದೇ.

ನಮ್ಮ ಭಾಗದವರು ಈ ವಿಷಯದಲ್ಲಿ ಅದೃಷ್ಟವಂತರು. 1900ರಲ್ಲಿ ಆರಂಭವಾದ ವಿಕ್ಟೋರಿಯಾ ಆಸ್ಪತ್ರೆ ಮಾರುಕಟ್ಟೆಯ ಪಕ್ಕದಲ್ಲೇ ಇದೆ. ಅಪಘಾತದ ಗಾಯಾಳುಗಳಿಗೂ ಸುಟ್ಟಗಾಯದವರಿಗೂ ಅಲ್ಲಿ ಪ್ರತ್ಯೇಕ ವಿಭಾಗಗಳಿವೆ. ಅದೇ ಆವರಣದ ಆಚೀಚೆ ಹೆಂಗಸರು ಮಕ್ಕಳಿಗೆ ವಾಣಿ ವಿಲಾಸ, ಕಣ್ಣಿಗೆ ಮಿಂಟೋ. ತಲೆಗೆ ಪೆಟ್ಟು, ಪಾರ್ಶ್ವವಾಯು ಎಂದರೆ ಹೊಸೂರು ರಸ್ತೆಯ ನಿಮ್ಹಾನ್ಸ್. ಹೃದಯಕ್ಕೆ ಜಯದೇವ. ಕೈಕಾಲು ಮುರಿತಕ್ಕೆ ಜಯನಗರದ ಸಂಜಯ್ ಗಾಂಧಿ ಆಸ್ಪತ್ರೆ. ಇವೆಲ್ಲ ಸರಕಾರಿ ಸಂಸ್ಥೆಗಳು. ದೂರದ ತಾಲೂಕುಗಳವರಿಗಾಗಿ ಈಗ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಿದೆ. ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರು ಅದನ್ನು ನೋಡಿ, ಅಗತ್ಯವಿದ್ದರೆ ದುಬಾರಿ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ತತ್ವ ಒಂದೇ: ಸ್ನಾಯು ಸಾಯುವ ಮುನ್ನ ರಕ್ತ ಹರಿಯಬೇಕು.

ನಿಮ್ಮ ಮನೆಯಲ್ಲಿ ಹೃದ್ರೋಗಿ ಇದ್ದರೆ ಎಲ್ಲಿಗೆ ಹೋಗಬೇಕೆಂದು ಇಂದೇ, ಶಾಂತವಾಗಿ, ಮನೆಯವರೆಲ್ಲ ಕೂತು ತೀರ್ಮಾನಿಸಿ. ಆ ಹೊತ್ತಿನಲ್ಲಿ ಒಬ್ಬರೇ ಮಾತಾಡಬೇಕು, ಅದು ಯಾರು ಎಂಬುದನ್ನೂ. ಇಎಂಟಿ ಬೇರೆ ಆಸ್ಪತ್ರೆ ಸೂಚಿಸಿದರೆ ಕಾರಣ ಕೇಳಿ, ಸರಿಯೆನಿಸಿದರೆ ಒಪ್ಪಿ. ಒಂದು ಕಡೆ ಹಾಸಿಗೆ ಖಾಲಿಯಿಲ್ಲವೆಂದು ಆಸ್ಪತ್ರೆಯವರು ಹೇಳಿದರೆ ಅದು ಆ ಹುಡುಗನ ತಪ್ಪಲ್ಲ. ಸ್ಟ್ರೆಚರನ್ನೂ ರೋಗಿಯನ್ನೂ ಇಟ್ಟುಕೊಂಡು ಆಸ್ಪತ್ರೆಯ ಬಾಗಿಲಲ್ಲಿ ಅರ್ಧ ಗಂಟೆ ಕಾಯುವುದು ಅವನಿಗೂ ಬೇಕಿಲ್ಲ. ಅಷ್ಟು ಹೊತ್ತು ಆ ವಾಹನ ಇನ್ನೊಂದು ಮನೆಗೆ ಹೋಗಲಾರದು.

ಇನ್ನೊಂದು ಮಾತು. ಡಯಾಲಿಸಿಸ್‌ಗೆ ಹೋಗಲು, ಡಿಸ್ಚಾರ್ಜ್ ಆಗಿ ಮನೆಗೆ ಬರಲು 108 ಅಲ್ಲ. ಮೃತದೇಹ ಸಾಗಿಸಲೂ ಅಲ್ಲ, ಅದಕ್ಕೆ ಬೇರೆ ವಾಹನಗಳಿವೆ. ಆದರೆ ಮನೆಯವರಿಗೆ ‘ಹೋಗಿಬಿಟ್ಟರು’ ಎನಿಸಿದ ಮಾತ್ರಕ್ಕೆ ಕರೆ ಮಾಡದೆ ಇರಬೇಡಿ. ಸಾವನ್ನು ಘೋಷಿಸುವ ಅಧಿಕಾರ ವೈದ್ಯರದು. ಇಎಂಟಿಯದೂ ಅಲ್ಲ, ನೆರೆಮನೆಯವರದೂ ಅಲ್ಲ.

ಎತ್ತುವುದು, ಮುಟ್ಟುವುದು

ಬೆನ್ನುನೋವಿಲ್ಲದ ಆಂಬುಲೆನ್ಸ್ ಸಿಬ್ಬಂದಿ ನನಗೆ ಸಿಗಲಿಲ್ಲ. ಮೂರು ಮಹಡಿಯ ಮನೆ, ಎರಡಡಿ ಅಗಲದ ಮೆಟ್ಟಿಲು, ತೊಂಬತ್ತು ಕಿಲೋ ತೂಕದ ರೋಗಿ. ನಾವು ಮನೆ ಕಟ್ಟುವಾಗ ಗೋದ್ರೆಜ್ ಬೀರು ಮೇಲೆ ಹೋಗುತ್ತದೆಯೇ ಎಂದು ನೋಡುತ್ತೇವೆ, ಮನುಷ್ಯನನ್ನು ಮಲಗಿಸಿ ಕೆಳಗೆ ತರಬಹುದೇ ಎಂದು ನೋಡುವುದಿಲ್ಲ. ಹಾಸಿಗೆ ಹಿಡಿದ ಹಿರಿಯರಿಗೆ, ಹೃದ್ರೋಗಿಗೆ, ತುಂಬು ಬಸುರಿಗೆ ನೆಲಮಹಡಿಯ ಕೋಣೆ ಕೊಡಿ. ಎತ್ತುವಾಗ ಇಬ್ಬರು ಗಟ್ಟಿ ಯುವಕರು ಕೈ ಜೋಡಿಸಲಿ, ಆದರೆ ಇಎಂಟಿ ಎಣಿಸಿದಂತೆ, ಹೇಳಿದ ಕಡೆ ಹಿಡಿದು. ಮಹಡಿಯಿಂದ ಬಿದ್ದವರನ್ನು, ಬೈಕ್ ಅಪಘಾತದವರನ್ನು ಆಂಬುಲೆನ್ಸ್ ಬರುವ ಮುನ್ನವೇ ಕಂಕುಳಿಗೆ ಕೈ ಹಾಕಿ ಎಬ್ಬಿಸಬೇಡಿ. ಬೆನ್ನುಹುರಿಗೆ ಪೆಟ್ಟಾಗಿದ್ದರೆ ಆ ಒಂದು ಎತ್ತುವಿಕೆಯಿಂದಲೇ ಕಾಲುಗಳು ಶಾಶ್ವತವಾಗಿ ಹೋಗಬಹುದು. ಬೆಂಕಿಯೋ ಕುಸಿಯುವ ಗೋಡೆಯೋ ಇದ್ದರೆ ಮಾತ್ರ ಸರಿಸಿ.

ಹೆಂಗಸರ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಒಂದು ಹಿಂಜರಿಕೆಯಿದೆ, ಮುಚ್ಚಿಟ್ಟು ಪ್ರಯೋಜನವಿಲ್ಲ. ಬಂದ ಇಎಂಟಿ ಗಂಡಸಾದರೆ ಎದೆಗೆ ಇಸಿಜಿಯ ತಂತಿ ಅಂಟಿಸಲು, ಎದೆ ಒತ್ತಲು ಮನೆಯವರು ತಡೆಯುತ್ತಾರೆ. ‘ಹೆಂಗಸರನ್ನು ಕಳಿಸಿ’ ಎಂದು ವಾದಿಸುತ್ತ ನಿಮಿಷಗಳನ್ನು ಕಳೆಯುತ್ತಾರೆ. ಪ್ರಾಣಾಪಾಯದ ಸಂದರ್ಭದಲ್ಲಿ ಪರ್ದೆಯ ನಿಯಮ ಸಡಿಲವಾಗುತ್ತದೆ ಎಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿಲ್ಲ. ಮಗಳೋ ಸೊಸೆಯೋ ಪಕ್ಕದಲ್ಲಿರಲಿ, ಮೇಲೊಂದು ದುಪಟ್ಟಾ ಹೊದಿಸಲಿ, ಸುತ್ತ ನಿಂತ ಗಂಡಸರು ಹೊರಗೆ ಹೋಗಲಿ. ಮಾನ ಕಾಯಲು ಅಷ್ಟು ಸಾಕು. ಕೆಲಸ ಮಾಡುವವನ ಕೈ ಹಿಡಿಯಬೇಡಿ.

ಸೋಂಕು: ಮುಚ್ಚಿಡುವುದರ ಬೆಲೆ

ರೋಗಿಯ ರಕ್ತ, ವಾಂತಿ, ಕಫ ಎಲ್ಲವೂ ಮೊದಲು ಮುಟ್ಟುವುದು ಇವರ ಕೈಗೆ. ಓಡುವ ವಾಹನದಲ್ಲಿ ಸೂಜಿ ಚುಚ್ಚುವಾಗ ಗುಂಡಿಯೊಂದು ಬಂದರೆ ಅದೇ ಸೂಜಿ ಅವರ ಬೆರಳಿಗೆ ಹೋಗಬಹುದು. ಹೆಪಟೈಟಿಸ್ ಬಿ ವಿರುದ್ಧ ಮೂರು ಡೋಸಿನ ಲಸಿಕೆಯಿದೆ. ಎಚ್‌ಐವಿ ಸೋಂಕಿನ ಭಯವಿದ್ದರೆ ತಡೆ ಔಷಧಿಯನ್ನು ಆದಷ್ಟು ಬೇಗ, ಹೆಚ್ಚೆಂದರೆ 72 ಗಂಟೆಯೊಳಗೆ ಶುರು ಮಾಡಬೇಕು. ಆದರೆ ಅದಕ್ಕೆ ಮೊದಲು ಅವರಿಗೆ ಗೊತ್ತಾಗಬೇಕು.

ಇಲ್ಲಿ ನಾವು ತಪ್ಪು ಮಾಡುತ್ತೇವೆ. ಮನೆಯಲ್ಲಿ ಕ್ಷಯದ ರೋಗಿ ಇದ್ದರೆ ‘ಬರೀ ಕೆಮ್ಮು’ ಎನ್ನುತ್ತೇವೆ. ಮಗಳ ಮದುವೆ, ನೆರೆಯವರ ಮಾತು, ಮನೆ ಮಾಲೀಕ ಬಿಡಿಸಿಯಾನೆಂಬ ಭಯ. ಕಾರಣಗಳು ನನಗೆ ಅರ್ಥವಾಗುತ್ತವೆ. ಆದರೆ ಕಿಟಕಿ ಮುಚ್ಚಿದ ವಾಹನದಲ್ಲಿ ಮುಖದಿಂದ ಒಂದಡಿ ದೂರದಲ್ಲಿ ಕುಳಿತು ಆಮ್ಲಜನಕ ಹಿಡಿಯುವವನಿಗೂ ಮನೆಯಲ್ಲಿ ಎಳೆ ಮಗು ಇರಬಹುದು. ಕ್ಷಯ, ಕಾಮಾಲೆ, ಎಚ್‌ಐವಿ ಏನೇ ಇದ್ದರೂ ಇಎಂಟಿಯ ಕಿವಿಯಲ್ಲಿ ಹೇಳಿ. ಗಲ್ಲಿಗೆಲ್ಲ ಸಾರುವುದು ಬೇಡ. ಹೇಳಿದ ಮಾತ್ರಕ್ಕೆ ಚಿಕಿತ್ಸೆ ನಿರಾಕರಿಸುವಂತಿಲ್ಲ. ಸರಿಯಾದ ಮಾಸ್ಕ್ ಹಾಕಿಕೊಳ್ಳುತ್ತಾರೆ, ಅಷ್ಟೇ.

ಪ್ರತಿ ರೋಗಿಯನ್ನು ಇಳಿಸಿದ ಮೇಲೆ ವಾಹನದ ಒಳಗನ್ನು ಸೋಂಕುನಾಶಕದಿಂದ ಒರೆಸಬೇಕು. ಸಾಮಾನ್ಯವಾಗಿ ಬಳಸುವುದು ಶೇ. 1ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ. ಹಚ್ಚಿದ ಮೇಲೆ ಹತ್ತು ನಿಮಿಷವಾದರೂ ಬಿಡಬೇಕು. ಮುಂದಿನ ಕರೆ ಕಾಯುತ್ತಿರುವಾಗ ಈ ಹತ್ತು ನಿಮಿಷ ಉಳಿಸಿಕೊಳ್ಳುವುದೇ ಅವರಿಗೊಂದು ಹೋರಾಟ. ಆಸ್ಪತ್ರೆಯ ಅಂಗಳದಲ್ಲಿ ಬಾಗಿಲು ತೆರೆದು ನಿಂತ ಆಂಬುಲೆನ್ಸ್ ಕಂಡು ‘ಆರಾಮಾಗಿ ನಿಂತಿದ್ದಾರೆ’ ಎಂದುಕೊಳ್ಳುವ ಮುನ್ನ ಒಳಗೆ ಒಮ್ಮೆ ಇಣುಕಿ. ಮನೆಯಲ್ಲೂ ಅಷ್ಟೇ. ರಕ್ತ ಅಥವಾ ವಾಂತಿ ಬಿದ್ದ ಜಾಗವನ್ನು ಬರಿಗೈಯಲ್ಲಿ ಒರೆಸಬೇಡಿ. ಕೈಗವಸು ಇಲ್ಲದಿದ್ದರೆ ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಳ್ಳಿ, ಆಮೇಲೆ ಸೋಪಿನಿಂದ ಚೆನ್ನಾಗಿ ತೊಳೆಯಿರಿ.

ಪಾದರಾಯನಪುರದ ಆ ರಾತ್ರಿ

ಈ ವಿಷಯ ಬಿಟ್ಟು ಬರೆಯಬಹುದಿತ್ತು. ಆದರೆ ನಾನು ಮಾತಾಡಿಸಿದ ಸಿಬ್ಬಂದಿ ಬಿಡಲಿಲ್ಲ. 2020ರ ಏಪ್ರಿಲ್ 19ರ ರಾತ್ರಿ, ಕೊರೊನಾ ಸೋಂಕಿತರ ಸಂಪರ್ಕಕ್ಕೆ ಬಂದಿದ್ದವರನ್ನು ಕ್ವಾರಂಟೈನ್‌ಗೆ ಕರೆದೊಯ್ಯಲು ಬಂದ ಬಿಬಿಎಂಪಿ ಮತ್ತು ಆರೋಗ್ಯ ಸಿಬ್ಬಂದಿಯನ್ನು ಪಾದರಾಯನಪುರದಲ್ಲಿ ಗುಂಪೊಂದು ತಡೆಯಿತು, ಬ್ಯಾರಿಕೇಡ್‌ಗಳನ್ನು ಕಿತ್ತೆಸೆಯಿತು. ನೂರಕ್ಕೂ ಹೆಚ್ಚು ಜನರ ಬಂಧನವಾಯಿತು. ರಾಮನಗರ ಜೈಲಿಗೆ ಕಳುಹಿಸಿದವರಲ್ಲಿ ಕೆಲವರಿಗೆ ಸೋಂಕಿರುವುದು ಆಮೇಲೆ ತಿಳಿಯಿತು.

ಆ ತಿಂಗಳುಗಳಲ್ಲಿ ನಮ್ಮ ಜನರಲ್ಲಿ ಭಯವಿತ್ತು. ಕೆಲವೇ ತಿಂಗಳ ಹಿಂದಿನ ಎನ್‌ಆರ್‌ಸಿ ಗಲಾಟೆಯಿಂದಾಗಿ ಪಟ್ಟಿ ಹಿಡಿದು ಬಂದವರೆಲ್ಲ ಸಂದೇಹಕ್ಕೆ ಗುರಿಯಾಗುತ್ತಿದ್ದರು. ಟಿವಿಯವರು ರೋಗಕ್ಕೂ ಒಂದು ಧರ್ಮ ಕೊಟ್ಟಿದ್ದರು. ರಾತ್ರಿ ಹೊತ್ತು, ಮೊದಲೇ ಹೇಳದೆ ಬಂದದ್ದು ಸರಿಯೇ ಎಂದು ಕೇಳುವವರಿದ್ದರು. ಇದೆಲ್ಲ ನಿಜ. ಆದರೂ ಅಂದು ಬಂದವರು ಹತ್ತು ಹದಿನೈದು ಸಾವಿರ ಸಂಬಳದ ಸಾಮಾನ್ಯ ನೌಕರರು. ಅವರ ಮೇಲೆ ಕೈ ಎತ್ತಿದ್ದಕ್ಕೆ ಯಾವ ವಿವರಣೆಯೂ ಸಮರ್ಥನೆಯಾಗದು. ಮೂರು ದಿನಗಳ ಬಳಿಕ, ಏಪ್ರಿಲ್ 22ರಂದು ಕೇಂದ್ರ ಸರಕಾರ ಸಾಂಕ್ರಾಮಿಕ ರೋಗಗಳ ಕಾಯ್ದೆಗೆ ಸುಗ್ರೀವಾಜ್ಞೆಯ ಮೂಲಕ ತಿದ್ದುಪಡಿ ತಂದು, ಆರೋಗ್ಯ ಸಿಬ್ಬಂದಿಯ ಮೇಲಿನ ಹಲ್ಲೆಗೆ ಮೂರು ತಿಂಗಳಿಂದ ಐದು ವರ್ಷ, ತೀವ್ರ ಗಾಯವಾದರೆ ಏಳು ವರ್ಷದವರೆಗೆ ಶಿಕ್ಷೆ ವಿಧಿಸಿತು. ಹಲ್ಲೆ ದೇಶದ ಅನೇಕ ಊರುಗಳಲ್ಲಿ, ಎಲ್ಲ ಬಗೆಯ ಜನರಿಂದ ನಡೆದಿತ್ತು. ಕರ್ನಾಟಕದಲ್ಲಿ 2009ರಿಂದಲೇ ಪ್ರತ್ಯೇಕ ಕಾಯ್ದೆಯಿದೆ.

ಅದೇ ಬೆಂಗಳೂರಿನಲ್ಲಿ, ಅದೇ ಪಿಡುಗಿನಲ್ಲಿ, ಮರ್ಸಿ ಏಂಜಲ್ಸ್ ಎಂಬ ತಂಡದ ಮುಸ್ಲಿಂ ಯುವಕರು ಪಿಪಿಇ ತೊಟ್ಟು, ಮನೆಯವರೇ ಹತ್ತಿರ ಬಾರದ ಶವಗಳನ್ನು ಆಂಬುಲೆನ್ಸ್‌ನಲ್ಲಿ ಸಾಗಿಸಿ, ಹಿಂದೂ, ಮುಸ್ಲಿಂ, ಕ್ರೈಸ್ತ ಎನ್ನದೆ ಅವರವರ ಪದ್ಧತಿಯಂತೆ ಅಂತ್ಯಕ್ರಿಯೆ ಮಾಡಿದರು. ಒಬ್ಬ ಪೈಲಟ್ ನನಗೆ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ. “ಆ ರಾತ್ರಿಯಿಂದ ನಮ್ಮ ಮನೆಯಲ್ಲಿ ಆ ಕಡೆ ಡ್ಯೂಟಿ ಬೇಡ ಅನ್ನುತ್ತಿದ್ದರು. ಆಮೇಲೆ ಸ್ಮಶಾನದಲ್ಲಿ ನಿಮ್ಮ ಹುಡುಗರನ್ನು ನೋಡಿದೆ” ಎಂದ. ಈಗಲೂ ಅವನು ಈ ಕಡೆ ಬರುತ್ತಾನೆ. ಆದರೆ ಗುಂಪು ಸೇರಿದರೆ ಮೊದಲು ವಾಹನವನ್ನು ಹಿಂದಕ್ಕೆ ತಿರುಗಿಸಿ ನಿಲ್ಲಿಸಿ ಆಮೇಲೆ ಇಳಿಯುತ್ತಾನಂತೆ. ಸ್ಥಳ ಸುರಕ್ಷಿತವೇ ಎಂದು ಮೊದಲು ನೋಡು, ರೋಗಿಯನ್ನು ಆಮೇಲೆ ನೋಡು ಎಂಬುದು ಅವರ ತರಬೇತಿಯ ಮೊದಲ ಪಾಠ. ನಮ್ಮ ಗಲ್ಲಿಯಲ್ಲಿ ಆ ಪಾಠಕ್ಕೆ ಕಳೆದ ಒಂದೊಂದು ನಿಮಿಷವೂ ನಮ್ಮ ರೋಗಿಯದು.

ಅವರು ಬರುವವರೆಗೆ

ಕುಸಿದು ಬಿದ್ದವರು ಕರೆದರೆ ಓಗೊಡುತ್ತಿಲ್ಲ, ಉಸಿರಾಟವೂ ಕಾಣುತ್ತಿಲ್ಲ ಎಂದಾದರೆ ಹೃದಯ ನಿಂತಿದೆ ಎಂದೇ ತಿಳಿಯಿರಿ. ಎದೆಯ ಮಧ್ಯೆ ಒಂದು ಅಂಗೈ, ಅದರ ಮೇಲೆ ಇನ್ನೊಂದು ಅಂಗೈ ಇಟ್ಟು, ಮೊಣಕೈ ಬಗ್ಗಿಸದೆ, ಐದಾರು ಸೆಂ.ಮೀ. ಒಳಗೆ ಹೋಗುವಂತೆ ನಿಮಿಷಕ್ಕೆ 100ರಿಂದ 120 ಸಲ ಒತ್ತಿ. ಪ್ರತಿ ಸಲ ಎದೆ ಪೂರ್ತಿ ಮೇಲೇಳಲು ಬಿಡಿ. ಇದಾಗದೆ ಕಳೆದ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ. 7ರಿಂದ 10ರಷ್ಟು ಇಳಿಯುತ್ತದೆ. ಬೆಂಗಳೂರಿನ ಯಾವ ಆಂಬುಲೆನ್ಸೂ ಆ ಲೆಕ್ಕವನ್ನು ಒಂಟಿಯಾಗಿ ಗೆಲ್ಲಲಾರದು. ಆಯಾಸವಾದರೆ ಎರಡು ನಿಮಿಷಕ್ಕೊಮ್ಮೆ ಕೈ ಬದಲಿಸಿ.

ಉಸಿರಾಡುತ್ತಿದ್ದು ಎಚ್ಚರ ತಪ್ಪಿದವರನ್ನು, ಪೆಟ್ಟು ಬಿದ್ದಿಲ್ಲವಾದರೆ, ಒಂದು ಮಗ್ಗುಲಿಗೆ ಮಲಗಿಸಿ. ಬಾಯಿಗೆ ನೀರು, ಝಮ್‌ಝಮ್, ಜೇನು ಯಾವುದನ್ನೂ ಹಾಕಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಉಪವಾಸವಿದ್ದ ಮಧುಮೇಹಿ ನಡುಗುತ್ತ ಬೆವರುತ್ತಿದ್ದರೆ, ನುಂಗುವಷ್ಟು ಎಚ್ಚರವಿದ್ದರೆ ಮಾತ್ರ ಸಕ್ಕರೆ ಕೊಡಿ. ರೋಝಾ ಮುರಿಯಬೇಕಾದ ಹೊತ್ತು ಅದು. ರಕ್ತ ಸುರಿಯುತ್ತಿದ್ದರೆ ಶುಭ್ರ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ, ಎತ್ತೆತ್ತಿ ನೋಡಬೇಡಿ. ಸುಟ್ಟರೆ ಇಪ್ಪತ್ತು ನಿಮಿಷ ನಲ್ಲಿಯ ನೀರು, ಟೂತ್‌ಪೇಸ್ಟ್ ಅಲ್ಲ. ವಿಷ ಕುಡಿದವರಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ಬಾಟಲಿಯನ್ನು ಇಎಂಟಿಯ ಕೈಗೆ ಕೊಡಿ. ಮಾತ್ರೆಯ ಚೀಟಿಗಳು, ಹಳೇ ಇಸಿಜಿ, ಆಧಾರ್, ಬಿಪಿಎಲ್ ಕಾರ್ಡು ಎಲ್ಲ ಒಂದೇ ಚೀಲದಲ್ಲಿ ಬಾಗಿಲ ಹಿಂದೆ ತೂಗಿರಲಿ.

ರಸ್ತೆಯಲ್ಲಿ ಬಿದ್ದವರನ್ನು ಕಂಡರೆ ‘ಪೊಲೀಸ್ ಕೇಸು’ ಎಂದು ಸರಿದು ಹೋಗುವ ಕಾಲ ಮುಗಿಯಬೇಕು. 2016ರ ಫೆಬ್ರವರಿ 16ರಂದು ನೆಲಮಂಗಲದ ಬಳಿ ಲಾರಿ ಹರಿದು ದೇಹವೇ ತುಂಡಾಗಿದ್ದ ಹರೀಶ್ ನಂಜಪ್ಪ ಎಂಬ ಯುವಕ, ಸುತ್ತಲಿನವರು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದಾಗ, ತನ್ನ ಅಂಗಾಂಗ ದಾನ ಮಾಡಿ ಎಂದು ಕೇಳಿಕೊಂಡ. ಅವನ ಕಣ್ಣುಗಳು ದಾನವಾದವು. ಅವನ ಹೆಸರಿನಲ್ಲೇ ಬಂದ ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ, ರಾಜ್ಯದಲ್ಲಿ ಅಪಘಾತಕ್ಕೊಳಗಾದ ಯಾರಿಗೇ ಆಗಲಿ ಮೊದಲ 48 ಗಂಟೆ 25,000 ರೂಪಾಯಿವರೆಗಿನ ಚಿಕಿತ್ಸೆಗೆಂದು ರೂಪುಗೊಂಡಿತು. 2025ರ ಮೇಯಲ್ಲಿ ಕೇಂದ್ರದ ನಗದುರಹಿತ ಯೋಜನೆ ಬಂದಿದೆ: ಏಳು ದಿನ, ಒಂದೂವರೆ ಲಕ್ಷ ರೂಪಾಯಿವರೆಗೆ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರನ್ನು ಹೆಸರು ಹೇಳೆಂದು, ಸಾಕ್ಷಿಯಾಗೆಂದು ಒತ್ತಾಯಿಸುವಂತಿಲ್ಲ. 2019ರ ತಿದ್ದುಪಡಿಯ ಬಳಿಕ ಮೋಟಾರು ವಾಹನ ಕಾಯ್ದೆಯ 134ಎ ಕಲಂ ಹೇಳುವುದು ಇದನ್ನೇ. ಅದೇ ಕಾಯ್ದೆಯಡಿ ಆಂಬುಲೆನ್ಸ್‌ಗೆ ದಾರಿ ಬಿಡದಿದ್ದರೆ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ದಾರಿ ಬಿಡುವ ನೆಪದಲ್ಲಿ ಅದರ ಬೆನ್ನಿಗೆ ಬೈಕ್ ಅಂಟಿಸಿ ಸಿಗ್ನಲ್ ದಾಟುವವರಿಗೆ ಏನು ಹೇಳುವುದೋ ನನಗೆ ತಿಳಿಯದು.

ನಮ್ಮ ನೆರೆಯ ಆ ಹಿರಿಯರು ಉಳಿದರು. ಎರಡು ಸ್ಟೆಂಟ್ ಹಾಕಿದ್ದಾರೆ. ಹೃದಯದ ಸ್ನಾಯು ಒಂದಷ್ಟು ಸತ್ತಿದೆ, ಇನ್ನು ಎರಡನೇ ಮಹಡಿ ಹತ್ತಲಾರರು. ಕೆಳಗಿನ ಅಂಗಡಿ ಖಾಲಿ ಮಾಡಿಸಿ ಅದನ್ನೇ ಅವರ ಕೋಣೆ ಮಾಡಿದ್ದಾರೆ. ಮಗ ಗಲ್ಲಿಯ ತಿರುವಿನ ಗೋಡೆಗೆ ಹಳದಿ ಬಣ್ಣ ಬಳಿದು, ಬಡಾವಣೆ, ಮೇನ್, ಕ್ರಾಸ್, ಹತ್ತಿರದ ಗುರುತು ಎಲ್ಲವನ್ನೂ ಕನ್ನಡದಲ್ಲೂ ಉರ್ದುವಿನಲ್ಲೂ ದೊಡ್ಡಕ್ಷರದಲ್ಲಿ ಬರೆಸಿದ್ದಾನೆ. ಕೆಳಗೆ 108 ಎಂದಿದೆ. ಸಮೋಸಾ ಗಾಡಿಯವನು ಈಗ ಅದರಿಂದ ಹತ್ತಡಿ ಆಚೆ ನಿಲ್ಲುತ್ತಾನೆ. ಸ್ಕೂಟರುಗಳ ಜೊತೆ ಮಾತುಕತೆ ಇನ್ನೂ ನಡೆಯುತ್ತಿದೆ.